48 ಮಾಡ್ಯೂಲ್‌ಗಳ ಒಂದು ಪ್ಯಾಕ್: ಬಿಚ್ಚಿದ್ದು, ಅಳೆದಿದ್ದು, ಬೇರೆ ಮಾಡಿದ್ದು

ಒಂದು ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಪ್ಯಾಕ್ ನಮ್ಮ ಶೆಡ್ಡಿಗೆ ಬಂದಾಗ ಅದರ ಮೇಲೆ ಒಂದು ಚೀಟಿ ಅಂಟಿಸಿತ್ತು. "ಬ್ಯಾಟರಿ ಸತ್ತಿದೆ" ಅಂತ ಎರಡೇ ಪದ. ಎಷ್ಟು ವರ್ಷ ಓಡಿತ್ತು, ಎಲ್ಲಿ ಕೆಟ್ಟಿತು, ಕಡೆಯ ಸಲ ಯಾವಾಗ ಚಾರ್ಜ್ ಆಗಿತ್ತು, ಯಾವುದೂ ಇಲ್ಲ. ಹಳೆಯ ಲಿಥಿಯಂ-ಅಯಾನ್ ಬ್ಯಾಟರಿ ಬಹುತೇಕ ಸಲ ಹೀಗೇ ಬರುತ್ತದೆ, ಊರು ಹೆಸರು ಹೇಳದ ಅತಿಥಿಯ ಹಾಗೆ.

ಆ ಒಂದು ಪ್ಯಾಕಿಗೆ ನಾವು ಏನು ಮಾಡಿದೆವು, ಯಾಕೆ ಮಾಡಿದೆವು, ಎಲ್ಲಿ ತಪ್ಪಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಬ್ಯಾಟರಿ ಮರುಬಳಕೆ ಅಂದ ಕೂಡಲೇ ಜನರ ಕಣ್ಣ ಮುಂದೆ ದೊಡ್ಡ ಕಾರ್ಖಾನೆ, ಆಸಿಡ್ ತೊಟ್ಟಿ, ಕುಲುಮೆ ಬರುತ್ತವೆ. ನನ್ನ ಅನುಭವದಲ್ಲಿ ಆ ಬ್ಯಾಟರಿಯ ಹಣೆಬರಹ ಅದಕ್ಕೂ ಮೊದಲೇ, ಬಿಚ್ಚುವ ಮೇಜಿನ ಮೇಲೆ, ಒಂದು ಮಲ್ಟಿಮೀಟರ್ ಮತ್ತು ಒಂದು ನೋಟ್‌ಬುಕ್ ಮುಂದೆ ತೀರ್ಮಾನ ಆಗಿರುತ್ತದೆ.

ಬಂದಿದ್ದು ಏನು?

ಅದು ಮೊದಲ ತಲೆಮಾರಿನ ನಿಸಾನ್ ಲೀಫ್ ಕಾರಿನ ಪ್ಯಾಕ್. 2010ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಕಾರು ಅದು. ದೊಡ್ಡ ಸಂಖ್ಯೆಯಲ್ಲಿ ಮಾರಾಟವಾದ ಮೊದಲ ಸಾಲಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಒಂದು. ಹಾಗಾಗಿ ಮೊದಲು ಮುದಿಯಾದದ್ದೂ ಅದರ ಬ್ಯಾಟರಿಯೇ.

ಹೊಸತರಲ್ಲಿ ಈ ಪ್ಯಾಕಿಗೆ 24 ಕಿಲೋವ್ಯಾಟ್-ಅವರ್ ಶಕ್ತಿ. ತೂಕ 300 ಕಿಲೋ ಹತ್ತಿರ. ಒಳಗೆ 192 ಸೆಲ್. ಪ್ರತಿ ಸೆಲ್ ಒಂದು ಚಪ್ಪಟೆ ಚೀಲ, ಸುಮಾರು 800 ಗ್ರಾಂ. ನಾಲ್ಕು ಚೀಲ ಸೇರಿಸಿ ಒಂದು ಲೋಹದ ಡಬ್ಬಿಯಲ್ಲಿ ಇಟ್ಟಿದ್ದಾರೆ, ಅದೇ ಒಂದು ಮಾಡ್ಯೂಲ್. ಅಂಥ 48 ಮಾಡ್ಯೂಲ್‌ಗಳು ಬೋಲ್ಟು ಹಾಕಿ ಕೂರಿಸಿದ ಸ್ಥಿತಿಯಲ್ಲಿವೆ. ಸರಣಿಯಲ್ಲಿ, ಅಂದರೆ ಕೊಂಡಿಗೆ ಕೊಂಡಿ ಸೇರಿದ ಹಾಗೆ ಒಂದರ ಹಿಂದೆ ಒಂದು, 96 ಜೋಡಿ ಸೆಲ್. ಪೂರ್ತಿ ಚಾರ್ಜ್ ಆದಾಗ 400 ವೋಲ್ಟ್ ಹತ್ತಿರ ಬರುತ್ತದೆ.

ಈ ಪ್ಯಾಕಿನ ಬಗ್ಗೆ ಇನ್ನೊಂದು ಮುಖ್ಯ ಸಂಗತಿ ಇದೆ. ಇದಕ್ಕೆ ತಣ್ಣಗೆ ಮಾಡುವ ನೀರಿನ ಕೊಳವೆಯಾಗಲಿ, ಫ್ಯಾನ್ ಆಗಲಿ ಇಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಸೆಲ್‌ಗಳು ತಮ್ಮ ಕಾವನ್ನು ತಾವೇ ಸಹಿಸಿಕೊಳ್ಳಬೇಕು. ಬಿಸಿಲು ಜಾಸ್ತಿ ಇರುವ ಕಡೆ ಓಡಿದ ಕಾರುಗಳಲ್ಲಿ ಬ್ಯಾಟರಿ ಬೇಗ ಸೊರಗಿದ್ದು ಇದಕ್ಕೇ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಆರೋಗ್ಯ ತೋರಿಸಲು 12 ಗೆರೆಗಳಿವೆ. ನಮ್ಮ ಪ್ಯಾಕ್ ಕೊಟ್ಟವರನ್ನು ಕೇಳಿ ಕೇಳಿ ಕೊನೆಗೆ ತಿಳಿದದ್ದು: ಕಾರು ನಿಲ್ಲುವ ಹೊತ್ತಿಗೆ ಎಂಟು ಗೆರೆ ಉಳಿದಿದ್ದವಂತೆ. ಅಂದರೆ ಮೂರರಲ್ಲಿ ಎರಡು ಪಾಲು ಶಕ್ತಿ ಇನ್ನೂ ಇತ್ತು. ಆಮೇಲೆ ಒಂದು ದಿನ ಕಾರು ಇದ್ದಕ್ಕಿದ್ದಂತೆ ಕೈಕೊಟ್ಟಿತು.

ಮೂರರಲ್ಲಿ ಎರಡು ಪಾಲು ಜೀವ ಇರುವುದನ್ನು ಸತ್ತಿದೆ ಅಂತ ಬರೆದರೆ ಹೇಗೆ, ಅಲ್ವಾ?

ಮೊದಲ ಯೋಚನೆ, ಮತ್ತು ಒಂದು ಫೋನ್ ಕರೆ

ಆದರೂ ನಮ್ಮ ಮೊದಲ ಯೋಚನೆ ಸುಲಭದ್ದೇ ಆಗಿತ್ತು. ಇಡೀ ಪ್ಯಾಕನ್ನು ಮರುಬಳಕೆ ಘಟಕಕ್ಕೆ ಕಳಿಸಿಬಿಡೋಣ. ಒಳಗಿರುವ ಲೋಹ ವಾಪಸ್ ಬರುತ್ತದೆ, ನಮ್ಮ ಜಾಗ ಖಾಲಿಯಾಗುತ್ತದೆ. ಘಟಕಕ್ಕೆ ಫೋನ್ ಮಾಡಿದೆ. ಆ ಕಡೆಯವರು ಕೇಳಿದ ಮೊದಲ ಪ್ರಶ್ನೆ ತೂಕದ್ದಲ್ಲ.

"ಕೆಮಿಸ್ಟ್ರಿ ಯಾವುದು ಸರ್?" ಅಂದರೆ ಒಳಗೆ ಯಾವ ರಾಸಾಯನಿಕ ಇದೆ ಅಂತ.

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಳೇ ಲೀಫಾ? ಅದರಲ್ಲಿ ಮ್ಯಾಂಗನೀಸೇ ಜಾಸ್ತಿ. ತಗೊಳ್ತೀವಿ ಸರ್, ಆದರೆ ನೀವೇ ನಮಗೆ ಖರ್ಚು ಕೊಡಬೇಕಾಗುತ್ತೆ."

ಈ ಮಾತು ಅರ್ಥ ಆಗಬೇಕಾದರೆ ಸ್ವಲ್ಪ ಲೆಕ್ಕ ನೋಡಬೇಕು. ಬ್ಯಾಟರಿಯ ಬೆಲೆಬಾಳುವ ಭಾಗ ಅದರ ಕ್ಯಾಥೋಡ್ ಪುಡಿ, ಅಂದರೆ ಸೆಲ್ಲಿನ ಪ್ಲಸ್ ಕಡೆಯ ಪುಡಿ. ಫೋನು, ಲ್ಯಾಪ್‌ಟಾಪ್‌ಗಳಲ್ಲಿ ತುಂಬಾ ಕಾಲದಿಂದ ಬಳಸುವುದು ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಆ ಪುಡಿಯ ತೂಕದಲ್ಲಿ 60 ಶೇಕಡಾ ಕೋಬಾಲ್ಟ್. ಮರುಬಳಕೆ ಮಾಡುವವರಿಗೆ ಅದು ಚಿನ್ನದ ಗಣಿ ಇದ್ದ ಹಾಗೆ. ಲೀಫ್ ಪ್ಯಾಕಿನಲ್ಲಿ ಮುಖ್ಯವಾಗಿ ಇರುವುದು ಲಿಥಿಯಂ ಮ್ಯಾಂಗನೀಸ್ ಆಕ್ಸೈಡ್, ಜೊತೆಗೆ ನಿಕ್ಕಲ್ ಇರುವ ವಸ್ತು ಸ್ವಲ್ಪ ಬೆರೆತಿದೆ. ಮ್ಯಾಂಗನೀಸ್ ಪುಡಿಯಲ್ಲೂ 60 ಶೇಕಡಾದಷ್ಟು ಲೋಹವೇ. ಆದರೆ ಅದು ಮ್ಯಾಂಗನೀಸ್, ಭೂಮಿಯಲ್ಲಿ ಧಾರಾಳವಾಗಿ, ಅಗ್ಗವಾಗಿ ಸಿಗುವ ಲೋಹ. ಲಿಥಿಯಂ ಎಷ್ಟು ಅಂದರೆ ಪುಡಿಯ ತೂಕದಲ್ಲಿ 4 ಶೇಕಡಾಕ್ಕೂ ಸ್ವಲ್ಪ ಕಡಿಮೆ.

ಹೆಸರಿನಲ್ಲಿ ಲಿಥಿಯಂ ಮುಂದೆ ನಿಂತಿದ್ದರೂ ಬ್ಯಾಟರಿಯಲ್ಲಿ ಅದು ಅಡುಗೆಯಲ್ಲಿ ಉಪ್ಪಿನಷ್ಟೇ. ಇಷ್ಟು ವರ್ಷ ಮರುಬಳಕೆಯ ಖರ್ಚನ್ನು ಹೊತ್ತಿದ್ದು ಕೋಬಾಲ್ಟ್ ಮತ್ತು ನಿಕ್ಕಲ್. ಅವು ಕಡಿಮೆ ಇರುವ ಬ್ಯಾಟರಿಗೆ ಗಿರಾಕಿ ಕಡಿಮೆ. ಈಗ ಕಾರುಗಳಲ್ಲಿ ಹೆಚ್ಚುತ್ತಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೂ ಇದೇ ಪಾಡು. ಅದರಲ್ಲಿ ಕೋಬಾಲ್ಟ್ ಇಲ್ಲ, ನಿಕ್ಕಲ್ ಇಲ್ಲ. ಕಬ್ಬಿಣಕ್ಕೆ ಯಾರು ದುಡ್ಡು ಕೊಡುತ್ತಾರೆ?

ಆ ಫೋನ್ ಕರೆ ನಮ್ಮ ಪ್ರಶ್ನೆಯನ್ನೇ ಬದಲಿಸಿತು. ಲೋಹದ ಬೆಲೆ ಕಡಿಮೆ. ಆದರೆ ಆ ಲೋಹವನ್ನು ಪುಡಿ ಮಾಡಿ, ಹಾಳೆಯ ಮೇಲೆ ಸವರಿ, ಒಣಗಿಸಿ, ಸುತ್ತಿ, ಸೀಲ್ ಮಾಡಿ ಸೆಲ್ ಮಾಡುವುದರಲ್ಲಿ ಹೋಗಿರುವ ಶಕ್ತಿ, ಶ್ರಮ ದೊಡ್ಡದು. ಷ್ರೆಡರಿಗೆ, ಅಂದರೆ ಚೂರು ಚೂರು ಮಾಡುವ ಯಂತ್ರಕ್ಕೆ ಹಾಕಿದ ಕ್ಷಣ ಅದೆಲ್ಲ ಹೋಯಿತು. ಹಾಗಾದರೆ ಈ 48ರಲ್ಲಿ ಎಷ್ಟು ಮಾಡ್ಯೂಲ್ ನಿಜವಾಗಿ ಕೆಟ್ಟಿವೆ? ಮೊದಲು ಅದನ್ನು ಕಂಡುಹಿಡಿಯಬೇಕು ಅಂತ ತೀರ್ಮಾನ ಮಾಡಿದೆವು.

ಬಿಚ್ಚಿದ ದಿನ

ಬಿಚ್ಚುವುದು ಅಂದರೆ ಸುಮ್ನೆ ಪಾನಾ ಹಿಡಿದು ಕೂರುವ ಕೆಲಸ ಅಲ್ಲ. ನೇರ ವಿದ್ಯುತ್ (ಡಿಸಿ) 60 ವೋಲ್ಟ್ ದಾಟಿದರೆ ಅಪಾಯ ಅಂತ ವಾಹನಗಳ ಸುರಕ್ಷತಾ ನಿಯಮಗಳೇ ಎಣಿಸುತ್ತವೆ. ಇಲ್ಲಿ ಅದರ ಆರು ಪಟ್ಟು ಇದೆ. 1000 ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್, ಅದರ ಮೇಲೆ ತೊಗಲಿನ ಗ್ಲೌಸ್. ಪ್ರತಿ ಸಲ ಹಾಕುವ ಮುಂಚೆ ಗ್ಲೌಸಿನ ಬಾಯಿ ಸುತ್ತಿ ಗಾಳಿ ತುಂಬಿಸಿ ಎಲ್ಲಾದರೂ ಸೋರುತ್ತದೆಯಾ ಅಂತ ನೋಡಬೇಕು. ಉಂಗುರ, ವಾಚು, ಬೆಲ್ಟು ಎಲ್ಲ ಹೊರಗೆ. ಒಬ್ಬರೇ ಎಂದೂ ಮಾಡಬಾರದು. ಒಬ್ಬರು ಬಿಚ್ಚುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡುತ್ತಿರಬೇಕು.

ಮೊದಲು ಸರ್ವಿಸ್ ಪ್ಲಗ್ ಕಿತ್ತೆವು. ಈ ಪ್ಯಾಕಿನಲ್ಲಿ ಆ ಪ್ಲಗ್ ಸರಣಿಯ ನಡುವೆ ಇದೆ. ಕಿತ್ತರೆ ಒಂದು ದೊಡ್ಡ ಬ್ಯಾಟರಿ ಎರಡು ಚಿಕ್ಕದಾಗುತ್ತದೆ. ಹಾಗಂತ ನಿರಾಳವಾಗುವ ಹಾಗಿಲ್ಲ. ಒಂದೊಂದು ಅರ್ಧದಲ್ಲೂ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ಮೇಲಿನ ಉಕ್ಕಿನ ಮುಚ್ಚಳ ಬೋಲ್ಟಿನ ಜೊತೆ ಗೋಂದಿನಂಥ ಸೀಲಂಟ್ ಹಾಕಿ ಕೂರಿಸಿದ್ದರು. ಪ್ಲಾಸ್ಟಿಕ್ ಉಳಿ ಇಟ್ಟು ಅಂಚಿನ ಸುತ್ತ ನಿಧಾನವಾಗಿ ಎಬ್ಬಿಸಿದೆವು. ಮುಚ್ಚಳ ಎತ್ತಿದಾಗ ಒಳಗೆ ಧೂಳು ಸಹ ಇರಲಿಲ್ಲ. ಹಿಂದಿನ ಕಡೆ 24 ಮಾಡ್ಯೂಲ್ ಪುಸ್ತಕದ ಕಪಾಟಿನ ಹಾಗೆ ನೆಟ್ಟಗೆ ನಿಂತಿದ್ದವು. ಮುಂದಿನ 24 ಮಲಗಿದ್ದವು. ಮೇಲೆ ಕಿತ್ತಳೆ ಬಣ್ಣದ ಕೇಬಲ್, ಹೆಚ್ಚು ವೋಲ್ಟೇಜಿನ ಗುರುತು.

ಬಸ್‌ಬಾರ್ ಅಂದರೆ ಮಾಡ್ಯೂಲ್‌ಗಳನ್ನು ಕೂಡಿಸುವ ಲೋಹದ ಪಟ್ಟಿಗಳು. ಅವನ್ನು ಒಂದೊಂದಾಗಿ ತೆಗೆಯುತ್ತ ಹೋದ ಹಾಗೆ ವೋಲ್ಟೇಜ್ ಅಪಾಯ ಇಳಿಯುತ್ತ ಬರುತ್ತದೆ. ಕೊನೆಗೆ ಒಂದು ಮಾಡ್ಯೂಲಿನಲ್ಲಿ ಏಳೂವರೆ ವೋಲ್ಟ್ ಅಷ್ಟೇ. ಮುಟ್ಟಿದರೆ ಏನೂ ಆಗದು. ಆದರೆ ಎರಡು ಟರ್ಮಿನಲ್ ಮೇಲೆ ಪಾನಾ ಅಡ್ಡ ಬಿದ್ದರೆ ಪಾನಾ ಕೆಂಪಗಾಗಿ ಅಲ್ಲೇ ಅಂಟಿಕೊಳ್ಳುತ್ತದೆ. ನಮ್ಮ ಎಲ್ಲ ಪಾನಾಗಳಿಗೂ ಹಿಡಿಯಿಂದ ಮೂತಿಯವರೆಗೆ ಇನ್ಸುಲೇಷನ್ ಇದ್ದದ್ದು ಅದಕ್ಕೇ. ತೆಗೆದ ಕೂಡಲೇ ಪ್ರತಿ ಟರ್ಮಿನಲ್ ಮೇಲೆ ಟೇಪ್ ಸುತ್ತಿದೆವು, ಡಬ್ಬಿಯ ಮೇಲೆ ನಂಬರ್ ಬರೆದೆವು. ಪ್ಯಾಕಿನಲ್ಲಿ ಎಲ್ಲಿ ಕೂತಿತ್ತೋ ಅದೇ ನಂಬರ್.

ಇಡೀ ಕೆಲಸ ಒಂದು ದಿನದಲ್ಲಿ ಮುಗಿಯಿತು. ಅದಕ್ಕೆ ಕಾರಣ ನಮ್ಮ ಜಾಣತನ ಅಲ್ಲ, ಆ ಪ್ಯಾಕನ್ನು ವಿನ್ಯಾಸ ಮಾಡಿದವರು ಬೋಲ್ಟು ಬಳಸಿದ್ದರು. ಇತ್ತೀಚಿನ ಕೆಲವು ಪ್ಯಾಕ್‌ಗಳಲ್ಲಿ ಮಾಡ್ಯೂಲ್ ಅನ್ನುವುದೇ ಇಲ್ಲ. ಸೆಲ್‌ಗಳನ್ನು ಸೀದಾ ಪೆಟ್ಟಿಗೆಗೆ ಅಂಟಿಸಿ, ಸುತ್ತ ಪಾಲಿಯುರೆಥೇನ್ ನೊರೆ ತುಂಬಿ ಕಲ್ಲಿನ ಹಾಗೆ ಗಟ್ಟಿ ಮಾಡಿರುತ್ತಾರೆ. ಕಾರು ಹಗುರ ಆಗುತ್ತದೆ, ಖರ್ಚು ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಅದರಲ್ಲಿ ಒಂದು ಸೆಲ್ ಕೆಟ್ಟರೆ ಇಡೀ ಪ್ಯಾಕಿಗೆ ಷ್ರೆಡರ್ ಬಿಟ್ಟು ಬೇರೆ ದಾರಿ ಸಿಗುವುದು ಕಷ್ಟ. ಬ್ಯಾಟರಿ ಮಾಡುವ ದಿನವೇ ಅದನ್ನು ಬಿಚ್ಚುವವರ ಬಗ್ಗೆ ಯೋಚನೆ ಮಾಡಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಮೂರನೇ ಟರ್ಮಿನಲ್ ಹೇಳಿದ ಸುಳಿವು

ಪ್ರತಿ ಮಾಡ್ಯೂಲಿಗೆ ಮೂರು ಟರ್ಮಿನಲ್ ಇವೆ. ಪ್ಲಸ್, ಮೈನಸ್, ನಡುವಿನದು. ಒಳಗೆ ಎರಡೆರಡು ಸೆಲ್ ಜೋಡಿಯಾಗಿ, ಆ ಎರಡು ಜೋಡಿ ಸರಣಿಯಲ್ಲಿವೆ. ಹಾಗಾಗಿ ನಡುವಿನ ಟರ್ಮಿನಲ್‌ನಿಂದ ಒಂದೊಂದು ಜೋಡಿಯನ್ನೂ ಬೇರೆಯಾಗಿ ಅಳೆಯಬಹುದು.

ಮೊದಲ ಸುತ್ತಿನಲ್ಲಿ 44 ಮಾಡ್ಯೂಲ್‌ಗಳು ಏಳೂವರೆ ವೋಲ್ಟಿನ ಆಸುಪಾಸಿನಲ್ಲಿದ್ದವು. ಮೂರು ಸ್ವಲ್ಪ ಕೆಳಗೆ. 31ನೇ ನಂಬರಿನ ಮಾಡ್ಯೂಲ್ ಮಾತ್ರ 3.8 ವೋಲ್ಟ್ ತೋರಿಸಿತು. ಮೀಟರ್ ಸರಿಯಾಗಿ ತಾಗಿಲ್ಲವೇನೋ ಅಂದುಕೊಂಡು ಟೇಪ್ ಬಿಚ್ಚಿ ಮತ್ತೆ ಇಟ್ಟೆ. ಅದೇ 3.8. ನಡುವಿನ ಟರ್ಮಿನಲಿಗೆ ಮೀಟರಿನ ಒಂದು ತುದಿ ಇಟ್ಟು ನೋಡಿದಾಗ ಗೊತ್ತಾಯಿತು. ಮೇಲಿನ ಜೋಡಿ 3.7 ವೋಲ್ಟ್, ಚೆನ್ನಾಗಿದೆ. ಕೆಳಗಿನ ಜೋಡಿ 0.1.

ಇಡೀ ಕಾರು ನಿಂತದ್ದು ಈ ಒಂದು ಜೋಡಿಯಿಂದ. 96 ಜೋಡಿ ಸರಣಿಯಲ್ಲಿ ಇದ್ದಾಗ ಒಂದು ಜೋಡಿ ಖಾಲಿಯಾದರೂ ಉಳಿದ 95ನ್ನು ಬಳಸಲು ಬರುವುದಿಲ್ಲ. ಬಾವಿ ಹಗ್ಗದ ಒಂದು ಎಳೆ ಹರಿದ ಹಾಗಲ್ಲ ಇದು, ಸರಪಳಿಯ ಒಂದು ಕೊಂಡಿ ಕಳಚಿದ ಹಾಗೆ.

ಸೊನ್ನೆಗೆ ಇಳಿದ ಸೆಲ್ಲನ್ನು ಮತ್ತೆ ಚಾರ್ಜ್ ಮಾಡಿ ನೋಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. ವೋಲ್ಟೇಜ್ ತೀರಾ ಕೆಳಗಿಳಿದಾಗ ಆನೋಡ್, ಅಂದರೆ ಮೈನಸ್ ಕಡೆಯ ತಾಮ್ರದ ಹಾಳೆ ನಿಧಾನವಾಗಿ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದರೆ ಕರಗಿದ ತಾಮ್ರ ಎಲ್ಲೆಂದರಲ್ಲಿ ಸೂಜಿಯ ಹಾಗೆ ಬೆಳೆದು ಒಳಗೇ ಶಾರ್ಟ್ ಆಗಬಹುದು. ಅವತ್ತೇ ಆಗಬೇಕು ಅಂತಿಲ್ಲ, ಮೂರು ತಿಂಗಳ ನಂತರವೂ ಆಗಬಹುದು. 31ನೇ ನಂಬರಿಗೆ ಅಲ್ಲೇ ಕೆಂಪು ಗುರುತು ಹಾಕಿದೆವು.

ಉಳಿದವುಗಳ ನಿಜವಾದ ಪರೀಕ್ಷೆ ಆಮೇಲೆ. ವೋಲ್ಟೇಜ್ ಒಂದೇ ನೋಡಿ ಬ್ಯಾಟರಿಯ ಆರೋಗ್ಯ ಹೇಳಲು ಆಗದು. ಪೂರ್ತಿ ಚಾರ್ಜ್ ಮಾಡಿ, ಒಂದೇ ಸಮ ವಿದ್ಯುತ್ ಎಳೆದು, ಎಷ್ಟು ಆಂಪಿಯರ್-ಅವರ್ ಹೊರಬರುತ್ತದೆ ಅಂತ ಅಳೆಯಬೇಕು. ಹೊಸದಾಗಿದ್ದಾಗ ಒಂದು ಮಾಡ್ಯೂಲ್ 65ರಷ್ಟು ಕೊಡುತ್ತಿತ್ತು. ನಮ್ಮವು 39ರಿಂದ 45 ಕೊಟ್ಟವು. ಒತ್ತಾಗಿ ನಿಂತಿದ್ದ ಹಿಂದಿನ ಸಾಲಿನ ನಡುವಿನವು ಜಾಸ್ತಿ ಸೊರಗಿದ್ದವು, ಅಂಚಿನವು ಗಟ್ಟಿಯಾಗಿದ್ದವು. ಕಾವು ಎಲ್ಲಿ ಸಿಕ್ಕಿಕೊಂಡಿತ್ತು ಅನ್ನುವುದು ನಂಬರ್‌ಗಳಲ್ಲೇ ಕಾಣುತ್ತಿತ್ತು. ಜಾಗದ ಪ್ರಕಾರ ನಂಬರ್ ಹಾಕಿದ್ದು ಇಲ್ಲಿ ಉಪಯೋಗಕ್ಕೆ ಬಂತು.

ಆಮೇಲೆ ಚಾರ್ಜ್ ಮಾಡಿ ಮೂರು ವಾರ ಸುಮ್ನೆ ಇಟ್ಟೆವು. ಏನೂ ಮಾಡದೆ ಕೂತ ಮಾಡ್ಯೂಲ್ ತಾನಾಗಿ ಇಳಿಯುತ್ತಿದ್ದರೆ ಒಳಗೆ ಸಣ್ಣ ಸೋರಿಕೆ ಇದೆ ಅಂತ ಅರ್ಥ. ಮೊದಲೇ ಕೆಳಗಿದ್ದ ಆ ಮೂರು ಮತ್ತೆ ಇಳಿದವು. ಅವಕ್ಕೂ ಕೆಂಪು ಗುರುತು.

ಈ ಅಳತೆಗೆ ಹಿಡಿಯುವ ಸಮಯ ದೊಡ್ಡ ತಲೆನೋವು. ಜಪಾನಿನಲ್ಲಿ ನಿಸಾನ್ ಮತ್ತು ಸುಮಿಟೊಮೊ ಸೇರಿ 2010ರಲ್ಲಿ ಶುರು ಮಾಡಿದ 4ಆರ್ ಎನರ್ಜಿ ಅನ್ನುವ ಕಂಪನಿ ಇದೇ ಪ್ಯಾಕ್‌ಗಳಿಗೆ ಮರುಜೀವ ಕೊಡುವ ಕೆಲಸ ಮಾಡುತ್ತದೆ. 2018ರಲ್ಲಿ ಫುಕುಶಿಮಾ ಪ್ರಾಂತ್ಯದ ನಾಮಿಯೆ ಪಟ್ಟಣದಲ್ಲಿ ಅವರ ಕಾರ್ಖಾನೆ ತೆರೆಯಿತು. ಮೊದಲು ಒಂದು ಪ್ಯಾಕಿನ 48 ಮಾಡ್ಯೂಲ್ ಅಳೆಯಲು 16 ದಿನ ಬೇಕಾಗುತ್ತಿತ್ತಂತೆ, ಅದನ್ನು ಅವರು 4 ಗಂಟೆಗೆ ಇಳಿಸಿದರು. ಆ 4 ಗಂಟೆಯ ಹಿಂದೆ ಇರುವುದು ಸಾವಿರಾರು ಪ್ಯಾಕ್‌ಗಳ ದಾಖಲೆ. ನಮ್ಮ ಹತ್ತಿರ ಇದ್ದದ್ದು ಒಂದು ಚೀಟಿ. ನಮಗೆ ವಾರಗಳೇ ಹಿಡಿದವು.

ತಪ್ಪಿದ್ದು

ಕೆಂಪು ಗುರುತಿನ ನಾಲ್ಕು ಮಾಡ್ಯೂಲ್‌ಗಳನ್ನು ನಾವು ಒಳ್ಳೆಯವುಗಳ ಪಕ್ಕದಲ್ಲೇ, ಮರದ ಹಲಗೆಯ ಮೇಲೆ ಇಟ್ಟಿದ್ದೆವು. ಕಳಿಸುವ ದಿನದವರೆಗೆ ಇರಲಿ ಅಂತ. ಅದು ನನ್ನದೇ ತೀರ್ಮಾನ.

ಎರಡು ದಿನದ ನಂತರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದ ಹುಡುಗ ಒಳಗೆ ಹೋಗಲಿಲ್ಲ. "ಸರ್, ಏನೋ ಸಿಹಿ ವಾಸನೆ ಬರ್ತಿದೆ" ಅಂದ. ಉಗುರುಬಣ್ಣ ಒರೆಸುವ ದ್ರಾವಣದ ಥರದ ವಾಸನೆ. ಅದು ಎಲೆಕ್ಟ್ರೋಲೈಟ್, ಸೆಲ್ಲಿನ ಒಳಗಿರುವ ದ್ರವ. ವೋಲ್ಟೇಜ್ ಕೆಳಗಿದ್ದ ಮೂರರಲ್ಲಿ ಒಂದು ಮಾಡ್ಯೂಲಿನ ಡಬ್ಬಿ ಉಬ್ಬಿ, ಒಂದು ಮೂಲೆ ಬಿರಿದಿತ್ತು.

ಏನೂ ಆಗಲಿಲ್ಲ. ಬಾಗಿಲು ಪೂರ್ತಿ ತೆರೆದು ಗಾಳಿ ಆಡಲು ಬಿಟ್ಟೆವು. ಥರ್ಮಲ್ ಕ್ಯಾಮೆರಾದಲ್ಲಿ ದೂರದಿಂದ ನೋಡಿ ಬಿಸಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಅದನ್ನು ಬಯಲಿಗೆ ಸಾಗಿಸಿದೆವು. ಆದರೆ ಆಗಬಹುದಿತ್ತು. ಆ ದ್ರವ ಸುಲಭವಾಗಿ ಹತ್ತಿಕೊಳ್ಳುತ್ತದೆ. ಅದರಲ್ಲಿ ಕರಗಿರುವ ಲಿಥಿಯಂ ಉಪ್ಪು ತೇವ ತಾಗಿದರೆ ಹೈಡ್ರೋಫ್ಲೋರಿಕ್ ಆಸಿಡ್ ಆಗುತ್ತದೆ, ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು. ಸೆಲ್ ಒಳಗೆ ಬಿಸಿ ಏರುತ್ತ 130 ಡಿಗ್ರಿ ಹತ್ತಿರ ಬಂದರೆ ಪ್ಲಸ್ ಮೈನಸ್ ಬೇರೆ ಮಾಡುವ ತೆಳು ಪಾಲಿಥಿನ್ ಪದರ ಕರಗುತ್ತದೆ. ಆಮೇಲೆ ಅದನ್ನು ನಿಲ್ಲಿಸುವುದು ಕಷ್ಟ. ಪಕ್ಕದ ಮಾಡ್ಯೂಲ್, ಅದರ ಪಕ್ಕದ್ದು, ಹೀಗೆ ಸಾಗುತ್ತದೆ. ನಮ್ಮಲ್ಲಿ ಪಕ್ಕದಲ್ಲೇ 44 ಇದ್ದವು.

2021ರ ಜೂನ್‌ನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಮಾರಿಸ್ ಪಟ್ಟಣದಲ್ಲಿ ಒಂದು ಹಳೆಯ ಕಾಗದದ ಕಾರ್ಖಾನೆಗೆ ಬೆಂಕಿ ಬಿತ್ತು. ಒಳಗೆ ಸುಮಾರು 100 ಟನ್ ಬ್ಯಾಟರಿ ಪೇರಿಸಿಟ್ಟಿದ್ದರು. ಸುತ್ತಲಿನ ಸಾವಿರಾರು ಜನರನ್ನು ಮನೆ ಬಿಡಿಸಬೇಕಾಯಿತು. ಕೊನೆಗೆ 28 ಟನ್ ಸಿಮೆಂಟ್ ಸುರಿದು ಬೆಂಕಿಯನ್ನು ಮುಚ್ಚಿದರು. ಆ ಸುದ್ದಿ ನಾನು ಓದಿದ್ದೆ, ಇನ್ನೊಬ್ಬರಿಗೆ ಹೇಳಿಯೂ ಇದ್ದೆ. ಆದರೂ ನಾಲ್ಕು ಮಾಡ್ಯೂಲ್ ತಾನೇ ಅಂತ ಹಲಗೆಯ ಮೇಲೆ ಇಟ್ಟೆ. ಪೇರಿಸಿಡುವ ಅಭ್ಯಾಸ ಹೀಗೇ ಬೆಳೆಯುವುದು. ಇದನ್ನು ನೆನೆದರೆ ಇವತ್ತಿಗೂ ಮನಸ್ಸು ಕಸಿವಿಸಿಗೊಳ್ಳುತ್ತದೆ.

ಅವತ್ತಿನಿಂದ ಕೆಂಪು ಗುರುತು ಬಿದ್ದ ಯಾವುದೂ ಒಂದು ರಾತ್ರಿಯೂ ಒಳಗೆ ಇರುವುದಿಲ್ಲ. ಒಂದು ಉಕ್ಕಿನ ಡ್ರಮ್ಮಿಗೆ ಒಂದೇ ಮಾಡ್ಯೂಲ್, ಸುತ್ತ ವರ್ಮಿಕ್ಯುಲೈಟ್ (ಬೆಂಕಿ ಹತ್ತದ ಹಗುರ ಖನಿಜ) ಅಥವಾ ಒಣ ಮರಳು, ಕಟ್ಟಡದಿಂದ ದೂರ, ನೆರಳಿನಲ್ಲಿ. ಮುಚ್ಚಳ ಗಾಳಿ ಹೋಗುವಷ್ಟು ಸಡಿಲ. ಡ್ರಮ್ಮಿನ ಪಕ್ಕ ನೀರಿನ ಕೊಳವೆ. ಇದರ ಬಗ್ಗೆ ಜನಕ್ಕೆ ಗೊಂದಲ ಇದೆ. ಲಿಥಿಯಂ ಲೋಹ ನೀರಿಗೆ ಉರಿಯುತ್ತದೆ ಅಂತ ಶಾಲೆಯಲ್ಲಿ ಕಲಿತಿರುತ್ತಾರೆ. ಈ ಬ್ಯಾಟರಿಗಳಲ್ಲಿ ಲಿಥಿಯಂ ಲೋಹವಾಗಿ ಇರುವುದಿಲ್ಲ. ಹತ್ತಿಕೊಂಡರೆ ಬೇಕಾದದ್ದು ತಂಪು, ತಂಪು ಕೊಡುವುದು ಧಾರಾಳ ನೀರೇ. ಆರಿತು ಅಂದುಕೊಂಡ ಮೇಲೂ ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು. ಹಾಗಾಗಿ ಕಾಯುತ್ತಿರಬೇಕು.

ನಾಲ್ಕು ಮಾಡ್ಯೂಲ್ ಹೋದ ದಾರಿ

ಈ ನಾಲ್ಕಕ್ಕೆ ಮರುಬಳಕೆ ಘಟಕವೇ ಸರಿಯಾದ ಜಾಗ. ಆದರೆ ಯಾವ ಘಟಕ?

ಒಂದು ಬಗೆ ಕುಲುಮೆಯದು. 1400 ಡಿಗ್ರಿಗೂ ಮೇಲೆ ಎಲ್ಲವನ್ನೂ ಕರಗಿಸುತ್ತಾರೆ. ಬ್ಯಾಟರಿ ಯಾವ ಥರದ್ದು ಅನ್ನುವ ಗೊಡವೆ ಅದಕ್ಕೆ ಅಷ್ಟಾಗಿ ಇಲ್ಲ, ಅದು ಅದರ ಅನುಕೂಲ. ಕೋಬಾಲ್ಟ್, ನಿಕ್ಕಲ್, ತಾಮ್ರ ಕರಗಿ ತಳದಲ್ಲಿ ಸೇರುತ್ತವೆ. ಲಿಥಿಯಂ, ಅಲ್ಯೂಮಿನಿಯಂ, ಮ್ಯಾಂಗನೀಸ್ ಮೇಲೆ ತೇಲುವ ಕಿಟ್ಟಕ್ಕೆ ಹೋಗುತ್ತವೆ. ಮೈನಸ್ ಕಡೆಯ ಗ್ರಾಫೈಟ್ ಉರಿದು ಹೋಗುತ್ತದೆ. ಕೋಬಾಲ್ಟ್ ತುಂಬಿದ ಫೋನ್ ಬ್ಯಾಟರಿಗೆ ಇದು ನಡೆದೀತು. ನಮ್ಮ ಮಾಡ್ಯೂಲಿನಲ್ಲಿ ಇರುವುದೇ ಮ್ಯಾಂಗನೀಸ್ ಮತ್ತು ಲಿಥಿಯಂ. ಎರಡೂ ಕಿಟ್ಟದ ಪಾಲು! ಅಷ್ಟು ಉರುವಲು ಸುಟ್ಟು ತಾಮ್ರ, ಸ್ವಲ್ಪ ನಿಕ್ಕಲ್ ಪಡೆಯುವುದಕ್ಕೆ ಮರುಬಳಕೆ ಅನ್ನುವ ಹೆಸರು ಕೊಡಲು ನನಗೆ ಮನಸ್ಸು ಬರಲಿಲ್ಲ.

ಇನ್ನೊಂದು ಬಗೆ ಆಸಿಡ್ಡಿನದು. ನಾವು ಅದನ್ನೇ ಆರಿಸಿಕೊಂಡೆವು. ಕಳಿಸುವ ಮೊದಲು, ಬಿರಿದದ್ದು ಮತ್ತು 31ನೇ ನಂಬರ್ ಬಿಟ್ಟು ಉಳಿದ ಎರಡನ್ನೂ ಎಲೆಕ್ಟ್ರಾನಿಕ್ ಲೋಡ್ ಮೂಲಕ ಖಾಲಿ ಮಾಡಿದೆವು. ಉಪ್ಪುನೀರಲ್ಲಿ ಮುಳುಗಿಸಿ ಖಾಲಿ ಮಾಡುವ ರೂಢಿ ಹಲವರಲ್ಲಿದೆ. ದೊಡ್ಡ ಮಾಡ್ಯೂಲಿಗೆ ಅದು ಬೇಡ. ಟರ್ಮಿನಲ್ ತುಕ್ಕು ಹಿಡಿದು ವಿದ್ಯುತ್ ಹರಿಯುವುದೇ ನಿಲ್ಲುತ್ತದೆ. ಖಾಲಿಯಾಯಿತು ಅಂದುಕೊಳ್ಳುತ್ತೇವೆ, ಒಳಗೆ ಚಾರ್ಜ್ ಉಳಿದಿರುತ್ತದೆ. ಹೈಡ್ರೋಜನ್ನು, ಕ್ಲೋರಿನ್ನು ಏಳುತ್ತವೆ. ಕೊನೆಗೆ ಆ ಕೊಳಕು ನೀರನ್ನು ಎಲ್ಲಿ ಚೆಲ್ಲುವುದು?

ಘಟಕದಲ್ಲಿ ಇವನ್ನು ನೈಟ್ರೋಜನ್ ತುಂಬಿದ ಮುಚ್ಚಿದ ಷ್ರೆಡರಿನಲ್ಲಿ ಕತ್ತರಿಸುತ್ತಾರೆ, ಆಮ್ಲಜನಕ ಇಲ್ಲದಿದ್ದರೆ ಬೆಂಕಿ ಹತ್ತುವುದಿಲ್ಲ. ಎಲೆಕ್ಟ್ರೋಲೈಟನ್ನು ಬಿಸಿ ಮಾಡಿ ಆವಿಯಾಗಿ ತೆಗೆದು ತಣಿಸಿ ಹಿಡಿಯುತ್ತಾರೆ. ಜರಡಿ ಹಿಡಿದಾಗ ಮೇಲೆ ತಾಮ್ರ, ಅಲ್ಯೂಮಿನಿಯಂ ಚೂರುಗಳು ಉಳಿಯುತ್ತವೆ. ಕೆಳಗೆ ಬೀಳುವುದು ಮಸಿಯಂಥ ಕಪ್ಪು ಪುಡಿ, ಇದನ್ನೇ ಬ್ಲ್ಯಾಕ್ ಮಾಸ್ ಅನ್ನುವುದು. ಕ್ಯಾಥೋಡ್ ಮತ್ತು ಗ್ರಾಫೈಟ್ ಎರಡೂ ಅದರಲ್ಲಿ ಬೆರೆತಿರುತ್ತವೆ.

ಆ ಪುಡಿಯನ್ನು ಬಿಸಿ ಸಲ್ಫ್ಯೂರಿಕ್ ಆಸಿಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಕರಗಿಸುತ್ತಾರೆ. ಗ್ರಾಫೈಟ್ ಕರಗದೆ ಉಳಿಯುತ್ತದೆ. ಆಮೇಲೆ ದ್ರಾವಣದ ಹುಳಿ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಒಂದೊಂದೇ ಲೋಹವನ್ನು ಹೊರಗೆ ತೆಗೆಯುತ್ತಾರೆ. ಕಬ್ಬಿಣ, ಅಲ್ಯೂಮಿನಿಯಂ ಮೊದಲು. ಮ್ಯಾಂಗನೀಸ್, ಕೋಬಾಲ್ಟ್, ನಿಕ್ಕಲ್‌ಗಳನ್ನು ಆಯ್ದು ಹಿಡಿಯುವ ಎಣ್ಣೆಯಂಥ ದ್ರಾವಕಗಳಿವೆ. ಲಿಥಿಯಂ ಸಾಮಾನ್ಯವಾಗಿ ಎಲ್ಲದರ ಕೊನೆಗೆ ಬರುತ್ತದೆ. ಅದು ಬರುವ ರೀತಿ ನನಗೆ ತುಂಬಾ ಇಷ್ಟ. ಸಕ್ಕರೆ ಬಿಸಿ ನೀರಲ್ಲಿ ಜಾಸ್ತಿ ಕರಗುತ್ತದೆ ಅಲ್ವಾ? ಲಿಥಿಯಂ ಕಾರ್ಬೊನೇಟ್ ಇದಕ್ಕೆ ಉಲ್ಟಾ. 20 ಡಿಗ್ರಿಯ ಒಂದು ಲೀಟರ್ ನೀರಲ್ಲಿ ಸುಮಾರು 13 ಗ್ರಾಂ ಕರಗಿದರೆ, ಕುದಿಯುವ ನೀರಲ್ಲಿ 7 ಗ್ರಾಂ ಅಷ್ಟೇ. ಹಾಗಾಗಿ ಕೊನೆಯಲ್ಲಿ ಉಳಿದ ದ್ರಾವಣಕ್ಕೆ ಸೋಡಾ ಪುಡಿ (ಸೋಡಿಯಂ ಕಾರ್ಬೊನೇಟ್) ಹಾಕಿ ಕಾಯಿಸುತ್ತಾರೆ. ಕಾದ ಹಾಗೆ ಬಿಳಿ ಪುಡಿ ತಳಕ್ಕೆ ಇಳಿಯುತ್ತದೆ. ಕಪ್ಪು ಮಸಿಯಿಂದ ಶುರುವಾದದ್ದು ಬಿಳಿ ಪುಡಿಯಲ್ಲಿ ಮುಗಿಯುತ್ತದೆ.

ಇದೂ ಪೂರ್ತಿ ಚೊಕ್ಕ ಕೆಲಸ ಏನಲ್ಲ. ಆಸಿಡ್ಡನ್ನು ಕ್ಷಾರ ಹಾಕಿ ತಣಿಸಿದಾಗಲೆಲ್ಲ ಸೋಡಿಯಂ ಸಲ್ಫೇಟ್ ಉಪ್ಪು ರಾಶಿ ಬೀಳುತ್ತದೆ. ಘಟಕದವರಿಗೆ ನಾವು ಮೂರು ಪ್ರಶ್ನೆ ಕೇಳಿದ್ದೆವು. ಉಪ್ಪುನೀರು ಎಲ್ಲಿ ಹೋಗುತ್ತದೆ? ಫ್ಲೋರಿನ್ ಇರುವ ಹೊಗೆಯನ್ನು ತೊಳೆಯುತ್ತೀರಾ? ಗ್ರಾಫೈಟ್ ಏನಾಗುತ್ತದೆ? ನೀರನ್ನು ಆವಿ ಮಾಡಿ ಉಪ್ಪನ್ನು ಬೇರೆ ತೆಗೆಯುತ್ತೇವೆ, ಹೊಗೆಗೆ ಸ್ಕ್ರಬ್ಬರ್ ಇದೆ ಅಂದರು, ಎರಡನ್ನೂ ತೋರಿಸಿದರು. ಗ್ರಾಫೈಟ್ ಈಗ ವಾಪಸ್ ಬ್ಯಾಟರಿಗೆ ಹೋಗುತ್ತಿಲ್ಲ ಅಂತ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡರು. ಆ ಪ್ರಾಮಾಣಿಕತೆಯ ಮೇಲೆ ನಂಬಿಕೆ ಇಟ್ಟು ಕಳಿಸಿದೆವು.

"ಇಷ್ಟು ಶೇಕಡಾ ಮರುಬಳಕೆ" ಅನ್ನುವ ಫಲಕ ನೋಡಿದಾಗ ಯಾವುದರ ಶೇಕಡಾ ಅಂತ ಕೇಳಬೇಕು. ಯುರೋಪಿನ 2006ರ ನಿಯಮ ಇಂಥ ಬ್ಯಾಟರಿಗಳಿಗೆ ಒಟ್ಟು ತೂಕದ 50 ಶೇಕಡಾ ಮರುಬಳಕೆ ಆದರೆ ಸಾಕು ಅನ್ನುತ್ತಿತ್ತು. ನಮ್ಮ ಪ್ಯಾಕಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೂಕ ಬರೀ ಪೆಟ್ಟಿಗೆ, ಬೋಲ್ಟು, ಕೇಬಲ್. ಅದಕ್ಕೆ ಸೆಲ್‌ನೊಳಗಿನ ತಾಮ್ರ, ಅಲ್ಯೂಮಿನಿಯಂ ಕೂಡಿಸಿದರೆ ಒಂದು ಗ್ರಾಂ ಲಿಥಿಯಂ ತೆಗೆಯದೆ 50 ಶೇಕಡಾ ಹತ್ತಿರ ಬರಬಹುದು. 2023ರ ಹೊಸ ಯುರೋಪ್ ನಿಯಮ ಇದನ್ನು ಸರಿ ಮಾಡಿದೆ. ಲೋಹ ಲೋಹಕ್ಕೂ ಬೇರೆ ಗುರಿ ಇಟ್ಟಿದೆ. ಲಿಥಿಯಂ 2027ರ ಕೊನೆಗೆ 50 ಶೇಕಡಾ, 2031ರ ಕೊನೆಗೆ 80. ಅದೇ ನಿಯಮದ ಪ್ರಕಾರ 2027ರ ಫೆಬ್ರವರಿಯಿಂದ ಅಲ್ಲಿ ಮಾರುಕಟ್ಟೆಗೆ ಬರುವ ಎಲೆಕ್ಟ್ರಿಕ್ ವಾಹನದ ಬ್ಯಾಟರಿಗೆ ಡಿಜಿಟಲ್ ಪಾಸ್‌ಪೋರ್ಟ್ ಇರಬೇಕು. ಒಳಗೆ ಏನಿದೆ, ಆರೋಗ್ಯ ಹೇಗಿದೆ ಅನ್ನುವ ದಾಖಲೆ. ಚೀಟಿಯ ಜಾಗಕ್ಕೆ ಅದು ಬಂದರೆ ನಮ್ಮಂಥವರ ಎಷ್ಟೋ ವಾರ ಉಳಿಯುತ್ತದೆ.

ಉಳಿದ 44

42 ಮಾಡ್ಯೂಲ್‌ಗಳಿಂದ ಒಂದು ಸ್ಟೋರೇಜ್ ಕಪಾಟು ಮಾಡಿದೆವು. ಏಳೇಳು ಮಾಡ್ಯೂಲ್ ಸರಣಿಯಲ್ಲಿ, ಅಂಥ ಆರು ಸಾಲು. ಒಂದು ಸಾಲಿಗೆ 52 ವೋಲ್ಟ್ ಹತ್ತಿರ, 60ರ ಒಳಗೆ ಇರುವುದರಿಂದ ಮುಟ್ಟುವ ಅಪಾಯ ಕಡಿಮೆ. ಒಂದೇ ಸಾಲಿನಲ್ಲಿ ಒಂದೇ ಮಟ್ಟದ ಮಾಡ್ಯೂಲ್‌ಗಳು ಬರುವ ಹಾಗೆ ಜೋಡಿಸಿದೆವು, 39ರ ಪಕ್ಕ 45 ಇಟ್ಟರೆ 45ರದ್ದೂ 39ರ ಬೆಲೆಯೇ. ಪ್ರತಿ ಸಾಲಿಗೆ ಬೇರೆ ಫ್ಯೂಸ್, ಬೇರೆ ಬಿಎಂಎಸ್, ಅಂದರೆ ಸೆಲ್‌ಗಳ ಮೇಲೆ ಕಣ್ಣಿಡುವ ಸರ್ಕ್ಯೂಟ್.

ಇಲ್ಲಿ ಕೈಯಲ್ಲಿ ಮಾಡಿದರೆ ಮಾತ್ರ ಗೊತ್ತಾಗುವ ಒಂದು ವಿಷಯ. ಈ ಚೀಲದ ಸೆಲ್‌ಗಳಿಗೆ ಒತ್ತಡ ಬೇಕು. ಕಾರಿನಲ್ಲಿದ್ದಾಗ ಎರಡು ಕೊನೆಗೆ ದಪ್ಪ ಉಕ್ಕಿನ ಫಲಕ, ಉದ್ದ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಬಿಡಿಯಾಗಿ ಇಟ್ಟು ಬಳಸಿದರೆ ಡಬ್ಬಿ ನಿಧಾನವಾಗಿ ಉಬ್ಬುತ್ತದೆ. ಗುಜರಿಗೆ ಹಾಕಲು ಇಟ್ಟಿದ್ದ ಆ ಫಲಕಗಳನ್ನೇ ವಾಪಸ್ ತಂದು, ಬೋಲ್ಟನ್ನು ಅಳತೆಗೆ ಕತ್ತರಿಸಿ ಬಿಗಿದೆವು.

ಒಟ್ಟು 13 ಕಿಲೋವ್ಯಾಟ್-ಅವರ್ ಸಿಗುತ್ತದೆ. ನಾವು 10 ಮಾತ್ರ ಬಳಸುತ್ತೇವೆ. ಸೆಲ್ಲನ್ನು 4.2 ವೋಲ್ಟ್‌ವರೆಗೆ ಏರಿಸದೆ 4.1ಕ್ಕೆ ನಿಲ್ಲಿಸುತ್ತೇವೆ, ಕೆಳಗೂ ಪೂರ್ತಿ ಇಳಿಸುವುದಿಲ್ಲ. ಮುದಿ ಎತ್ತಿಗೆ ಮೂಟೆ ಕಡಿಮೆ ಹೇರಬೇಕು. ಛಾವಣಿಯ ಸೌರ ಫಲಕಗಳಿಂದ ಹಗಲು ತುಂಬುತ್ತದೆ, ರಾತ್ರಿ ಶೆಡ್ಡಿನ ದೀಪ, ಫ್ಯಾನ್, ಪರೀಕ್ಷೆಯ ಉಪಕರಣ ನಡೆಸುತ್ತದೆ. ಕಾರಿನಲ್ಲಿ ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಕೊಡಬೇಕಿತ್ತು. ಇಲ್ಲಿ ಅವಸರ ಇಲ್ಲ. ದೊಡ್ಡ ಮಟ್ಟದಲ್ಲೂ ಇದು ನಡೆದಿದೆ. ಆಮ್‌ಸ್ಟರ್‌ಡ್ಯಾಮಿನ ಯೊಹಾನ್ ಕ್ರೈಫ್ ಕ್ರೀಡಾಂಗಣದಲ್ಲಿ 2018ರಲ್ಲಿ 148 ಲೀಫ್ ಬ್ಯಾಟರಿಗಳಷ್ಟು ಸಾಮರ್ಥ್ಯದ ವ್ಯವಸ್ಥೆ ಹಾಕಿದರು. ಅದರಲ್ಲಿ ಹೊಸತೂ ಇವೆ, ಹಳೆಯವೂ ಇವೆ.

ಹೀಗೆ ಎರಡನೇ ಬಾಳು ಕೊಡುವುದು ಸುಮ್ನೆ ಕಸವನ್ನು ಮುಂದಕ್ಕೆ ತಳ್ಳುವುದು ಅನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಕೋಬಾಲ್ಟ್ ಜಾಸ್ತಿ ಇರುವ ಫೋನ್ ಬ್ಯಾಟರಿ ನನ್ನ ಕೈಗೆ ಬಂದರೆ ಎರಡನೇ ಬಾಳಿನ ಮಾತೇ ಎತ್ತುವುದಿಲ್ಲ, ನೇರವಾಗಿ ಘಟಕಕ್ಕೆ ಕಳಿಸುತ್ತೇನೆ. ಅದರ ಲೋಹ ಬೇಗ ವಾಪಸ್ ಬಂದಷ್ಟೂ ಗಣಿ ಕೆಲಸ ಕಡಿಮೆ. ಈ ಮ್ಯಾಂಗನೀಸ್ ಪ್ಯಾಕಿನ ವಿಷಯ ಬೇರೆ. ಇದರ ಬೆಲೆ ಲೋಹದಲ್ಲಿ ಇಲ್ಲ, ಉಳಿದಿರುವ ಆಯಸ್ಸಿನಲ್ಲಿ ಇದೆ. ಆದರೆ ಆ ಆಯಸ್ಸು ಮುಗಿದ ದಿನ ಅವು ಯಾರದೋ ಮೂಲೆಯಲ್ಲಿ ಮರೆತು ಹೋಗಬಾರದು. ಎರಡನೇ ಸಲ ಬಳಸುವವರು ಕೊನೆಯ ಸಲ ಘಟಕಕ್ಕೆ ಮುಟ್ಟಿಸುವ ಹೊಣೆಯನ್ನೂ ಹೊರಬೇಕು. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ನಮ್ಮ ಕಪಾಟಿನ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿದ್ದೇವೆ. 42 ಸಾಲು. ಮಾಡ್ಯೂಲ್ ನಂಬರ್, ಪ್ಯಾಕಿನಲ್ಲಿ ಕೂತಿದ್ದ ಜಾಗ, ಮೊದಲ ಅಳತೆ, ಒಳಗಿರುವ ಕೆಮಿಸ್ಟ್ರಿ. ಮೇಲೆ ಘಟಕದ ವಿಳಾಸ, ಫೋನ್ ನಂಬರ್. ಆರು ತಿಂಗಳಿಗೊಮ್ಮೆ ಅಳೆದು ಪಕ್ಕದ ಖಾನೆ ತುಂಬುತ್ತೇವೆ. ಎರಡು ಅಳತೆ ಆಗಿದೆ. 17ನೇ ನಂಬರ್ ಉಳಿದವುಗಳಿಗಿಂತ ಸ್ವಲ್ಪ ಬೇಗ ಇಳಿಯುತ್ತಿದೆ. ಅದರ ಮುಂದೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟಿದ್ದೇವೆ, ಉಳಿಸಿಟ್ಟ ಎರಡರಲ್ಲಿ ಒಂದನ್ನು ಆ ಜಾಗಕ್ಕೆ ತಯಾರು ಮಾಡಿದ್ದೇವೆ, ಹೊರಗೆ ಒಂದು ಡ್ರಮ್ಮು ಖಾಲಿ ಇಟ್ಟಿದ್ದೇವೆ.